ಕ್ಯಾಮೆರಾ ಹಿಡಿಯುವ ಕೈ

ಮನುಷ್ಯನಿಗೆ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಬರುವುದು ಸಹಜ. ಯಂತ್ರದ ಮೇಲೆ ಹೊಟ್ಟೆಕಿಚ್ಚುಪಟ್ಟವನು ಇಡೀ ಪುಣೆಯಲ್ಲಿ ಬಹುಶಃ ನಾನೊಬ್ಬನೇ. ಸದಾಶಿವ ಪೇಠದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಆಪರೇಷನ್ ಥಿಯೇಟರಿನ ಸಹಾಯಕ. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ನಾಲ್ಕು ಸಣ್ಣ ತೂತುಗಳಿಂದಲೇ ಒಳಗಿನ ಕೆಲಸ ಮುಗಿಸುವ ಆಪರೇಷನ್ ನಮ್ಮಲ್ಲಿ ಶುರುವಾದಾಗ, ಒಂದು ತೂತಿನಲ್ಲಿ ಇಳಿಬಿಟ್ಟ ಕ್ಯಾಮೆರಾ ಹಿಡಿದು ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಡಾಕ್ಟರು ಟಿವಿ ಪರದೆ ನೋಡಿಕೊಂಡು ಕತ್ತರಿಸಬೇಕು. ಅವರಿಗೆ ಕಾಣುವುದೆಲ್ಲ ನಾನು ತೋರಿಸಿದ್ದೇ. ಈ ಜಂಬದಲ್ಲಿ ಏಳೆಂಟು ವರ್ಷ ಕಳೆದೆ. ನಿಜ ಹೇಳಬೇಕೆಂದರೆ, ಅರ್ಧ ಗಂಟೆಯಾಗುತ್ತಲೇ ನನ್ನ ಕೈ ನಡುಗುತ್ತಿತ್ತು. "ಹಲವೂ ನಕಾ ಹೋ!" ಅಲುಗಾಡಿಸಬೇಡಿ ಎಂದು ಡಾಕ್ಟರು ಮರಾಠಿಯಲ್ಲಿ ಗದರುತ್ತಿದ್ದರು.

ಒಂದು ದಿನ ಅವರು ಕ್ಯಾಮೆರಾ ಹಿಡಿಯುವ ರೋಬೋಟನ್ನೇ ತರಿಸಿಬಿಟ್ಟರು. ಡಾಕ್ಟರು ಹಣೆಗೆ ಪಟ್ಟಿ ಕಟ್ಟಿಕೊಂಡು, ಕಾಲ ಬಳಿಯ ಪೆಡಲ್ ಒತ್ತಿ ತಲೆ ತಿರುಗಿಸಿದರೆ, ಅದರ ತೋಳು ಕ್ಯಾಮೆರಾವನ್ನು ಆ ಕಡೆಗೇ ತಿರುಗಿಸುತ್ತಿತ್ತು. ಅದಕ್ಕೆ ಕೈ ಸೋಲುವುದಿಲ್ಲ, ಸೀನು ಬರುವುದಿಲ್ಲ, ಚಹಾ ಬೇಡ. ನಾನು ಮೂಲೆಯಲ್ಲಿ ನಿಂತು, ಇದು ಒಮ್ಮೆಯಾದರೂ ಎಡವಲಿ ಎಂದು ದೇವರಲ್ಲಿ ಬೇಡಿಕೊಂಡೆ. ರೋಗಿಗೆ ಏನೂ ಆಗದಂತೆ ಎಡವಲಿ ಎಂದು ಒಂದು ತಿದ್ದುಪಡಿಯನ್ನೂ ಸೇರಿಸಿದೆ.

ದೇವರು ಕೇಳಿಸಿಕೊಂಡ. ನಮ್ಮ ಡಾಕ್ಟರಿಗೆ ಮರಾಠಿ ಸಂತರ ಅಭಂಗದ ಕ್ಯಾಸೆಟ್ ಹಾಕದೆ ಕೆಲಸ ಸಾಗದು. ಎರಡನೇ ದಿನ ಗಾಯಕರು ಲಯ ಏರಿಸಿದ್ದೇ ತಡ, ಡಾಕ್ಟರ ಕಾಲು ಪೆಡಲ್ ಮೇಲೆ ತಾಳ ಹಾಕತೊಡಗಿತು, ತಲೆ ಎಡಕ್ಕೂ ಬಲಕ್ಕೂ ತೂಗಿತು. ಪರದೆಯ ಮೇಲೆ ರೋಗಿಯ ಪಿತ್ತಕೋಶ ಪಂಢರಪುರಕ್ಕೆ ಹೊರಟಂತೆ ಕುಣಿಯಿತು. ಅವರು ತಕ್ಷಣ ಕೈ ತಡೆದದ್ದರಿಂದ ಅನಾಹುತವೇನೂ ಆಗಲಿಲ್ಲ. ಇನ್ನು ಯಂತ್ರ ಗಂಟುಮೂಟೆ ಕಟ್ಟಿತು ಎಂದುಕೊಂಡೆ. ಮರುದಿನ ಥಿಯೇಟರಿನಿಂದ ಹೊರಗೆ ಹೋದದ್ದು ಟೇಪ್ ರೆಕಾರ್ಡರ್.

ಅಷ್ಟರಲ್ಲಿ ನನ್ನ ಹೆಂಡತಿ ಶಾಂತಾಳಿಗೇ ಪಿತ್ತಕೋಶದಲ್ಲಿ ಕಲ್ಲು ಎಂದು ಗೊತ್ತಾಯಿತು. ನೋವು ಬಂದಾಗ ಅವಳು ಗೋಡೆ ಹಿಡಿದು ಕುಸಿಯುವುದನ್ನು ನೋಡಿ ನನ್ನ ಜೀವ ಅರ್ಧವಾಗಿತ್ತು. ಕ್ಯಾಮೆರಾ ಯಾರು ಹಿಡಿಯಲಿ ಎಂದು ಡಾಕ್ಟರು ಅವಳನ್ನೇ ಕೇಳಿದರು. ನಾನು ಕಾಲರ್ ಸರಿಮಾಡಿಕೊಂಡೆ. ಅವಳು ನನ್ನ ಮುಖವನ್ನೂ ನೋಡದೆ, ಯಂತ್ರವೇ ಇರಲಿ ಅಂದಳು.

ಮನೆಗೆ ಬಂದು ಮುಖ ಊದಿಸಿಕೊಂಡು ಕೂತೆ.

"ಸಿಟ್ಟಾಗಬ್ಯಾಡ್ರಿ," ಅಂದಳು. "ನನಗ ಸೂಜಿ ಚುಚ್ಚೂಮುಂದನ ನೀವು ಕಣ್ಣು ಮುಚ್ಚತೀರಿ. ನನ್ನ ಹೊಟ್ಟ್ಯಾಗಿಂದು ನೋಡಿ ಹೆಂಗ ತಡಕೋತೀರಿ? ಸುಮ್ನ ನನ್ನ ಕೈ ಹಿಡಕೊಂಡು ನಿಂದರ್ರಿ, ಭಾಳ ಆತು."

ಆಪರೇಷನ್ ದಿನ ಹಾಗೆಯೇ ನಿಂತೆ. ರೋಬೋಟಿನ ಕೈ ಕೂದಲೆಳೆಯಷ್ಟೂ ಅಲುಗಲಿಲ್ಲ. ಇದ್ದಕ್ಕಿದ್ದಂತೆ ಶಾಂತಾಳ ನಾಡಿ ತೋರಿಸುವ ಯಂತ್ರ ಕಿರುಚಿಕೊಂಡಿತು. ಅದರ ಗೆರೆ ಅಡ್ಡಾದಿಡ್ಡಿ ಓಡಿತು. ಡಾಕ್ಟರು ಕೆಲಸ ನಿಲ್ಲಿಸಿದರು. ಅರಿವಳಿಕೆ ಕೊಡುವ ಮೇಡಂ ಬಗ್ಗಿ ನೋಡಿ, ನಾಡಿಯ ಕ್ಲಿಪ್ ಸಿಕ್ಕಿಸಿದ್ದ ಅವಳ ಬೆರಳಿನಿಂದ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದರು. ಗೆರೆ ಸರಿಯಾಯಿತು. ಅವಳ ನಾಡಿ ನೆಟ್ಟಗೇ ಇತ್ತು; ನಡುಗುತ್ತಿದ್ದವನು ನಾನು.

ಶಾಂತಾಳಿಗೆ ಇದನ್ನು ಈವರೆಗೆ ಹೇಳಿಲ್ಲ. ಆಪರೇಷನ್ ಮುಗಿಯುವ ತನಕ ನಮ್ಮವರು ನನ್ನ ಕೈ ಬಿಡಲಿಲ್ಲ ಎಂದು ಅವಳು ಇವತ್ತಿಗೂ ಅಕ್ಕಪಕ್ಕದವರಿಗೆಲ್ಲ ಹೇಳುತ್ತಾಳೆ. ನಾನು ಪಕ್ಕದಲ್ಲೇ ನಿಂತು ಮೀಸೆ ತಿರುವುತ್ತೇನೆ.