ಝುಂ ಅನ್ನದ ಕಾಕಾನ ಹಲ್ಲು

ನಗೂ ತಡಕೊಂಡು ಕೆಲಸ ಮಾಡೂದು ಎಷ್ಟು ತ್ರಾಸ ಅಂತ ಕಲಘಟಗ್ಯಾಗ ಹಲ್ಲಿನ ದವಾಖಾನಿ ಇಟ್ಟ ಮ್ಯಾಲ ನನಗ ಗೊತ್ತಾತು.

೧. ಆರಾಮಿದ್ದವರು ಬರೂದಿಲ್ಲ

ತೊಟ್ಟಿಲಿಗೆ ಬಣ್ಣ ಹಚ್ಚೂ ಕಾಕಾ ಒಬ್ರು ದವಡಿ ಹಿಡಕೊಂಡು ಬಂದ್ರು. ಹುಬ್ಬಳ್ಳ್ಯಾಗ ಹಲ್ಲು ಕೀಳಬೇಕು ಅಂದಿದ್ರಂತ. ನೋಡಿದ್ರ ಒಳಗಿನ ನರಕ್ಕ ಇನ್ನೂ ಜೀವ ಇತ್ತು. ನಾ ಹಟಮಾರಿ. ಹುಳುಕಷ್ಟ ತಗದು, ನರದ ಮ್ಯಾಲ ಔಷಧದ ಸಿಮೆಂಟ್ ಇಟ್ಟು ಮುಚ್ಚಿದೆ. ನರ ಬದುಕಿತೋ ಇಲ್ಲೋ ನೋಡಬೇಕು, ವರ್ಷಕ್ಕೊಮ್ಮೆ ಬರ್ರಿ ಅಂತ ಹತ್ತು ಸಲ ಹೇಳಿದೆ. ನಾ ಹಿಂಗ ಉಳಿಸಿದ ಮೊದಲನೇ ಹಲ್ಲದು, ನನಗ ಅದರದ ಚಿಂತಿ.

ಕಾಕಾ ಪತ್ತೇನ ಇಲ್ಲ. ವರ್ಷಗಳಾದ ಮ್ಯಾಲ ಸಂತ್ಯಾಗ ಸಿಕ್ರು. ಯಾಕ ಬರಲಿಲ್ರಿ ಅಂದೆ.

"ನೋವಿಲ್ಲಲ್ರಿ ಅಕ್ಕಾರ. ಆಚಿ ಬಾಜೂದ ನೋಯಾಕತ್ತಿತ್ತು, ನಿಮಗ್ಯಾಕ ತ್ರಾಸ ಅಂತ ಬ್ಯಾರೆ ಡಾಕ್ಟರ್ ಕಡೆ ಹೋಗಿದ್ದೆ."

೨. ಲಗ್ನದ ಊಟ

ಮುಂದ ಒಂದು ಲಗ್ನದಾಗ ಕಾಕಾ ನನ್ನೆದುರಿಗೇ ಊಟಕ್ಕ ಕುಂತ್ರು. ಯಾವ ಕಡೆ ಅಗೀತಾರ ಅಂತ ನಾ ನನ್ನ ಎಲಿ ಬಿಟ್ಟು ಅವರ ದವಡೀನ ನೋಡಾಕತ್ತೆ. ಅವರ ಬಾಜೂಕ ಕುಂತ ಕಾಕೂಗ ಸಂಶಯ ಬಂತು. ನಮ್ಮನಿಯವರನ್ನ ಯಾಕ ಹಂಗ ನೋಡ್ತೀರಿ ಅಂತ ಕೇಳೇಬಿಟ್ರು. ನಾ ಉಳಿಸಿದ ಎಡಗಡೆ ಹಲ್ಲು ನೋಡಾಕತ್ತೀನ್ರಿ ಅಂದೆ.

ಕಾಕೂ ಗಂಡನ ಕಡೆ ತಿರುಗಿ, "ಬಾಯಿ ತಗದು ತೋರಸ್ರಿ, ಪಾಪ ಅವರೂ ಊಟ ಮಾಡ್ಲಿ" ಅಂದ್ರು.

೩. ಬರ್ಫ

ಮರುವಾರ ಕಾಕೂನ ಅವರನ್ನ ಎಳಕೊಂಡು ಬಂದ್ರು. ಹಲ್ಲಿಗೆ ಫ್ರಿಜ್ಜಿನ್ಯಾಗಿನ ಥಣ್ಣನ ಬರ್ಫಿನ ಚೂರು ಇಟ್ಟಾಗ ಝುಂ ಅಂದ್ರ ನರ ಬದುಕೇತಿ ಅಂತ ಲೆಕ್ಕ. ಇಟ್ಟೆ. ಕಾಕಾ ಕಣ್ಣು ಮುಚ್ಚಿ, ಏನೂ ಇಲ್ರಿ ಅಂದ್ರು. ಮತ್ತ ಇಟ್ಟೆ. ಅಗದಿ ಏನೂ ಇಲ್ರಿ ಅಂದ್ರು. ನನ್ನ ಜೀವಾನ ಹೋತು. ಇಷ್ಟು ವರ್ಷ ಕಾದದ್ದು ಇದಕ್ಕೇನು ಅಂತ ಅಳೂನ ಬಂತು. ನರ ಸತ್ತೇತ್ರಿ, ಬೇರಿನ ತನಕ ತಗೀಬೇಕು ಅಂತ ಮಶೀನಿಗೆ ಕೈ ಹಾಕಿದೆ.

"ತಡೀರಿ ಅಕ್ಕಾರ," ಅಂದ್ರು ಕಾಕೂ. "ನೀವು ಬರ್ಫ ಇಟ್ಟಾಗೊಮ್ಮೆ ಇವರ ಕಾಲಬೆರಳು ಮುದುಡತಾವ, ನೋಡ್ರಿ."

ಮತ್ತ ಇಟ್ಟು, ಬಾಯಿ ನೋಡೂದು ಬಿಟ್ಟು ಕಾಲು ನೋಡಿದೆ. ಹತ್ತೂ ಬೆರಳು ಮುದುಡಿದ್ವು. ಯಾಕ್ರಿ ಸುಳ್ಳು ಹೇಳಿದ್ರಿ ಅಂದೆ.

"ಝುಂ ಅಂತೇತಿ ಅಂದ್ರ, ಮಾಡಿದ ಕೆಲಸ ಕೆಟ್ಟಿತು ಅಂತ ನಿಮಗ ಬ್ಯಾಸರ ಆದೀತು ಅಂತ ತಡಕೊಂಡಿದ್ದೆ ರೀ."

ಎಕ್ಸ್‌ರೇ ತಗದೆ. ಬೇರು ಅಗದಿ ಸಾಬೂತ, ಏನೂ ಕೆಟ್ಟಿಲ್ಲ. ನಾ ಕುಣಿಯೂದೊಂದ ಬಾಕಿ. ಹಲ್ಲು ಝುಂ ಅಂದ್ರ ನನಗ ಖುಷಿ ಅಂತ ಕಾಕಾಗ ಬಿಡಿಸಿ ಹೇಳಿದೆ.

ಈಗ ವರ್ಷಕ್ಕೊಮ್ಮೆ ತಪ್ಪದ ಬರತಾರ. ಬರ್ಫ ಇನ್ನೂ ಫ್ರಿಜ್ಜಿನ್ಯಾಗ ಇರತೇತಿ, ಕಾಕಾ ಬಾಗಲದಾಗ ನಿಂತು "ಝುಂ ಅಂತೇತ್ರಿ ಅಕ್ಕಾರ" ಅಂತಾರ. ಅದಕ್ಕ ನಾನೂ ಬಾಯಿ ತಗೀರಿ ಅನ್ನೂಕಿಂತ ಮೊದಲು ಚಪ್ಪಲಿ ಬಿಡ್ರಿ ಅಂತೀನಿ.