ದೊಡ್ಡತ್ತೆಯ ಮೀಸೆ

ನಮ್ಮ ವಂಶದ ಗಂಡಸರಲ್ಲಿ ಒಬ್ಬರಿಗೂ ಹೇಳಿಕೊಳ್ಳುವಂಥ ಮೀಸೆ ಬರಲಿಲ್ಲ. ಬಂದದ್ದು ನಮ್ಮ ದೊಡ್ಡತ್ತೆಗೆ! ಐವತ್ತು ದಾಟಿದ ಮೇಲೆ ತುಟಿಯ ಮೇಲೆ ತೆಳ್ಳಗೆ, ಕಪ್ಪಗೆ ಮೂಡಿತು. ಬೇರೆ ಹೆಂಗಸಾಗಿದ್ದರೆ ಸೆರಗು ಮುಚ್ಚಿಕೊಂಡು ಓಡಾಡುತ್ತಿದ್ದಳು. ನಮ್ಮತ್ತೆ ಅದಕ್ಕೆ ದಿನವೂ ಹರಳೆಣ್ಣೆ ಸವರುತ್ತಿದ್ದಳು.

ನಮ್ಮೂರು ಹಾರನಹಳ್ಳಿಯವರು ಇದನ್ನು ಹರಕೆಯೆಂದೇ ತಿಳಿದರು. ದೇವರಿಗೆಂದು ತಲೆಗೂದಲು ಬಿಡುವವರಿಲ್ಲವೇ, ಗಡ್ಡ ಬಿಡುವವರಿಲ್ಲವೇ? ಮೀಸೆ ಯಾಕಾಗಬಾರದು! ಯಾವ ದೇವರಿಗೆ ಎಂದು ಕೇಳಿದರೆ ಅತ್ತೆ ಸುಮ್ಮನೆ ನಗುತ್ತಿದ್ದಳು. ಮುಡಿ ಕೊಡುವ ದಿನ ತನ್ನನ್ನು ಮರೆಯಬಾರದೆಂದು ಊರಿನ ಕ್ಷೌರಿಕ ಮೊದಲೇ ಹೇಳಿಟ್ಟಿದ್ದ.

ಮಿರ್ಲೆಯಲ್ಲಿ ನನಗೆ ಹೆಣ್ಣು ಗೊತ್ತಾಗುವವರೆಗೆ ಇದೆಲ್ಲ ನಗೆಯಾಗಿಯೇ ಇತ್ತು. ಬೀಗರ ಮುಂದೆ ಮೀಸೆ ಕಾಣಕೂಡದು, ಇಲ್ಲವಾದರೆ ಅತ್ತೆ ಒಳಮನೆಯಲ್ಲೇ ಇರಲಿ ಎಂದು ಅಪ್ಪ ತೀರ್ಮಾನಿಸಿದರು. ತಮ್ಮ ಅಕ್ಕನಿಗೆ ನೇರವಾಗಿ ಹೇಳುವ ಧೈರ್ಯವಿಲ್ಲದೆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಅವಳನ್ನು ಒಳಗೆ ಕೂರಿಸಿ ನಾನು ಧಾರೆಗೆ ನಿಲ್ಲುವುದು ಹೇಗೆ?

ಗಾಡಿ ಕಟ್ಟಿಸಿ ಹುಣಸೂರಿನ ಡಾಕ್ಟರ ಹತ್ತಿರ ಕರೆದೊಯ್ದೆ. ಇದು ರೋಗವಲ್ಲ ಎಂದರು ಅವರು. ಗಂಡಿನ ಹಾರ್ಮೋನು ಎಂಬ ರಸ ಹೆಂಗಸರ ಮೈಯಲ್ಲೂ ಚೂರು ಊರುತ್ತದಂತೆ. ಮುಟ್ಟು ನಿಂತ ಮೇಲೆ ಹೆಣ್ಣಿನ ಹಾರ್ಮೋನು ಇಳಿದು, ಗಂಡಿನದರ ಕೈ ಮೇಲಾಗುತ್ತದಂತೆ. ಎರಡೂ ತಯಾರಾಗುವುದು ಮೈಯೊಳಗಿನ ಕೊಬ್ಬಿನಂಥ ಒಂದು ವಸ್ತುವಿನಿಂದಲೇ ಅಂತೆ! ಅತ್ತೆ ಸ್ವಲ್ಪ ಯೋಚಿಸಿ ನನ್ನ ಕಡೆ ತಿರುಗಿದಳು.

"ಅಂಗಾರೆ ನಿಮ್ ಮಾವಂಗೆ ಇಷ್ಟು ವರ್ಷ ತುಪ್ಪ ಬಡಿಸಿದ್ದು ದಂಡ ಕಣ್ಲಾ."

ಡಾಕ್ಟರು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ನಕ್ಕರು.

ಪೇಟೆಯ ಸಾಬರ ಅಂಗಡಿಯಲ್ಲಿ ಚಿಮಟ ಕೊಂಡು, ದಾರಿಯಲ್ಲಿ ಅವಳ ಕೈಗಿಟ್ಟೆ. ನಾಲ್ಕೇ ಕೂದಲು, ನೋವಾಗುವುದಿಲ್ಲ ಎಂದೆ. ಅತ್ತೆ ಎಲೆಯಡಿಕೆ ಚೀಲದಿಂದ ಸಣ್ಣ ಕನ್ನಡಿ ತೆಗೆದು ಬಹಳ ಹೊತ್ತು ನೋಡಿಕೊಂಡಳು.

"ನನ್ ಮಗ ಕೊಡಗಿನ ತ್ವಾಟಕ್ಕೆ ವೋದಾಗ ಅವನ್ಗೂ ಇಷ್ಟೇ ಬಂದಿತ್ತು ಕಣ್ಲಾ. ಆಮೇಕೆ ಎಷ್ಟು ಬೆಳೀತೋ, ನಾ ನೋಡ್ನಿಲ್ಲ. ಇದು ಬಂದ್ಮೇಲೆ ದಿನಾ ಕನ್ನಡೀಲಿ ಬತ್ತಾನೆ. ನಿನ್ ಮದ್ವೇಲಿ ಅವ್ನೂ ಇರ್ಲಿ ಅಂತಿದ್ದೆ. ನೀ ಕೀಳು ಅಂದ್ರೆ ಕೀಳ್ತೀನಿ ಬುಡು."

ಹದಿನೆಂಟನೆಯ ವಯಸ್ಸಿಗೆ ಹೋಗಿ ಹಿಂತಿರುಗದ ಭಾವ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವನು. ಅವನ ಮುಖ ನನಗೆ ಮರೆತೇಹೋಗಿತ್ತು. ನಾಚಿಕೆಯಾಗಿ ಚಿಮಟವನ್ನು ವಾಪಸು ಇಸಿದುಕೊಂಡೆ.

ಧಾರೆಯ ದಿನ ಅತ್ತೆ ನನ್ನ ಪಕ್ಕದಲ್ಲೇ ನಿಂತಳು. ಬೀಗರು ಗುಸುಗುಸು ಮಾಡಿದರು, ಅಪ್ಪ ನನ್ನತ್ತ ಕಣ್ಣು ಬಿಟ್ಟರು. ನಾನೂ ಮದುವಣಗಿತ್ತಿಯೂ ಬಗ್ಗಿ ಅವಳ ಕಾಲು ಮುಟ್ಟಿದೆವು. ತಲೆಯೆತ್ತಿ ಅವಳ ಮುಖ ನೋಡಿದೆ. ಭಾವ ಬಂದಿದ್ದ.