ಅತ್ತೆ ಕೊರೆದ ಮುಚ್ಚಳ

ನಮ್ಮ ಅತ್ತೆಗೆ ಯಾವ ವಸ್ತುವೂ ಇಡಿಯಾಗಿ ಕಾಣುವುದಿಲ್ಲ. ಅದರಲ್ಲಿ ಎಲ್ಲಿ ಮುಚ್ಚಳ ಕೊರೆಯಬಹುದು ಎಂಬುದಷ್ಟೇ ಕಾಣುತ್ತದೆ! ಅತ್ತೆ ಎಂದರೆ ಅಪ್ಪನ ಅಕ್ಕ. ಜಯನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅವರು ಇಂಜಿನ್ನಿಲ್ಲದ ಪುಟ್ಟ ವಿಮಾನಗಳನ್ನು, ಅಂದರೆ ಗ್ಲೈಡರುಗಳನ್ನು ಕಟ್ಟುತ್ತಾರೆ. ಥರ್ಮೋಕೋಲ್ ಕೆತ್ತಿ, ಅಂಟಿನಲ್ಲಿ ನೆನೆಸಿದ ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿದರೆ ರೆಕ್ಕೆ. ಆ ಗಟ್ಟಿ ಮೈಯನ್ನು ಕೊರೆದು, ಒಳಗೆ ಸರ್ವೋ ಎಂಬ ಬೆಂಕಿಪೊಟ್ಟಣದಷ್ಟು ಪುಟ್ಟ ಮೋಟಾರು ಕೂರಿಸಬೇಕು. ಕೈಯಲ್ಲಿರುವ ರೇಡಿಯೋದ ಕಡ್ಡಿ ಆಡಿಸಿದರೆ ಅದು ರೆಕ್ಕೆಯ ಅಂಚನ್ನು ಆಡಿಸುತ್ತದೆ.

ಬೇರೆಯವರು ಗರಗಸದಲ್ಲಿ ಕೊರೆದು, ತೂತಿಗೆ ಯಾವುದೋ ತಗಡು ಮುಚ್ಚುತ್ತಾರೆ. ಅತ್ತೆಯ ಕಣ್ಣಿಗೆ ಅದು ರೇಷ್ಮೆ ಸೀರೆಗೆ ಗೋಣಿಯ ತೇಪೆ! ಕತ್ತರಿಸಿದ ತುಂಡೇ ಮುಚ್ಚಳವಾಗಬೇಕು. "ಬ್ಲೇಡ್ ಸ್ವಲ್ಪ ಓರೆ ಹಿಡೀಬೇಕು ಕಣೆ. ನೆಟ್ಟಗೆ ಹಿಡಿದ್ರೆ ಮುಚ್ಚಳ ಒಳಗೆ ಬೀಳತ್ತೆ."

ಈ ವಿದ್ಯೆಯ ಮೂಲ ಬೂದುಗುಂಬಳಕಾಯಿ. ಆಯುಧಪೂಜೆ ಬಂದರೆ ಬೀದಿಯವರೆಲ್ಲ ಕಾಯಿ ಕೊರೆಸಿ, ಕುಂಕುಮ ತುಂಬಿಸಿಕೊಳ್ಳಲು ನಮ್ಮ ಬಾಗಿಲಿಗೇ ಬರುತ್ತಾರೆ. ಒಮ್ಮೆ ಎದುರುಮನೆ ಅಂಕಲ್ ತಮ್ಮ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಏನ್ ಮೇಡಂ, ಕೊರೆದೇ ಇಲ್ವಲ್ಲ!" ಅಂದರು.

"ಒಡೀರಿ," ಅಂದರು ಅತ್ತೆ.

ಅಂಕಲ್ ಒಡೆದರು. ಅವರ ಬಿಳಿ ಪಂಚೆ ಇವತ್ತಿಗೂ ಗುಲಾಬಿ ಬಣ್ಣ!

ಇನ್ನು ನಾನು, ಬಾಯಿ ಬಿಡದವಳೆಂದೇ ಹೆಸರಾದವಳು. ಎಂ.ಎಸ್ಸಿ. ಮುಗಿಯಿತು, ಗಂಡಿನ ಕಡೆಯವರು ನೋಡಲು ಬರುತ್ತಾರೆ ಎಂದು ಅಪ್ಪ ಹೇಳಿದಾಗಲೂ ತುಟಿ ಪಿಟಕ್ಕೆನ್ನಲಿಲ್ಲ. ಇಂಥ ಸಹಾಯಕಿ ಅತ್ತೆಗೆ ಬೇರೆಲ್ಲಿ ಸಿಕ್ಕಾಳು?

ಅದೇ ವಾರ ಕೋಣನಕುಂಟೆಯ ಬಯಲಿನಲ್ಲಿ ಗ್ಲೈಡರ್ ಸ್ಪರ್ಧೆ. ಹಾರಿಸುವವರಲ್ಲಿ ಹೆಂಗಸು ಅತ್ತೆಯೊಬ್ಬರೇ. ಹಾರಿಸುವ ಮುಂಚೆ ಮುಚ್ಚಳ ತೆರೆದು ಸರ್ವೋ ತೋರಿಸಬೇಕು, ಇಲ್ಲದಿದ್ದರೆ ಹಾರಾಟವಿಲ್ಲ ಎಂಬುದು ನಿಯಮ.

"ಮುಚ್ಚಳ ತೆಗೀರಿ ಮೇಡಂ," ಅಂದರು ತಪಾಸಣೆಯವರು.

ಅತ್ತೆ ರೆಕ್ಕೆ ಸವರಿದರು. ಮತ್ತೆ ಸವರಿದರು. ಹಿಂದಿನ ದಿನ ಹೊಳಪು ಬರಲೆಂದು ಮೇಣ ತಿಕ್ಕಿದ್ದರು. ಮುಚ್ಚಳದ ಸುತ್ತಲಿನ ಕೂದಲೆಳೆಯಂಥ ಗೆರೆಯೂ ತುಂಬಿಹೋಗಿತ್ತು. ಸರ್ವೋದಿಂದ ರೆಕ್ಕೆಯ ಅಂಚಿಗೆ ಹೋಗುವ ತಂತಿಯನ್ನೂ ಹೊರಗೆ ಕಾಣದಂತೆ ಹಾಯಿಸಿದ ಜಾಣೆ! ಮುಚ್ಚಳ ಕೊರೆದವರಿಗೇ ಮುಚ್ಚಳ ಸಿಗುತ್ತಿಲ್ಲ!

"ಬಾಗಿಲೇ ಇಲ್ದೆ ಮನೆ ಕಟ್ಟಿದ್ದಾರೆ, ಗುರು!" ಎಂದು ಹಿಂದಿನಿಂದ ಒಬ್ಬ ನಕ್ಕ.

"ಚಾಕು ಹಾಕಿ ಮೇಡಂ, ಸಿಗತ್ತೆ," ಎಂದ ಇನ್ನೊಬ್ಬ.

"ನನ್ ರೆಕ್ಕೆಗೆ ನಾನೇ ಗಾಯ ಮಾಡ್ಲಾ?" ಅತ್ತೆ ರೇಡಿಯೋವನ್ನು ನನ್ನ ಕೈಗಿತ್ತರು. "ಕಡ್ಡಿ ಆಡಿಸ್ತಾ ಇರೇ."

ಬಯಲಿನಲ್ಲೇ ಮಂಡಿಯೂರಿ, ರೆಕ್ಕೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು. ನಗು ನಿಂತಿತು. ಒಳಗೆಲ್ಲೋ ಗುರ್ರ್...

"ಇಲ್ಲಿ!"

ಆ ಜಾಗಕ್ಕೆ ಟೇಪಿನ ತುಂಡು ಅಂಟಿಸಿ ಎಳೆದರು. ಮುಚ್ಚಳ ಎದ್ದಿತು. ತಪಾಸಣೆಯವರು ಅದನ್ನು ಮುಚ್ಚಿ, ತೆಗೆದು, ಮತ್ತೆ ಮುಚ್ಚಿ, "ನಮ್ಗೂ ಒಂದ್ಸಲ ಹೇಳ್ಕೊಡ್ತೀರಾ ಮೇಡಂ?" ಅಂದರು. ಗ್ಲೈಡರ್ ಹದ್ದುಗಳ ಜೊತೆ ಸುತ್ತಿತು. ಬಹುಮಾನ ಬರಲಿಲ್ಲ; ಯಾರಿಗೆ ಬೇಕಿತ್ತು? ಬಾಯಿ ಬಿಡದ ನಾನು, ಕೇಳದವರಿಗೂ "ಇವ್ರು ನಮ್ಮತ್ತೆ" ಎಂದು ಹೇಳಿಕೊಂಡು ಬಯಲೆಲ್ಲ ಓಡಾಡಿದೆ!

ವಾಪಸು ಬರುವಾಗ ಬಸ್ಸಿನಲ್ಲಿ, ಹಳೆಯ ಸೀರೆ ಸುತ್ತಿದ ರೆಕ್ಕೆ ನಮ್ಮಿಬ್ಬರ ತೊಡೆಯ ಮೇಲಿತ್ತು. ನಾನು ಮತ್ತೆ ಮೌನಿ. ಅತ್ತೆ ಇದ್ದಕ್ಕಿದ್ದಂತೆ ಬಗ್ಗಿ ನನ್ನ ಭುಜಕ್ಕೆ ಕಿವಿ ಹಚ್ಚಿದರು.

"ಒಳಗೇನೋ ಗುರ್ ಅಂತಿದೆ. ಏನೇ ಅದು?"

"ಇನ್ನೂ ಓದ್ಬೇಕು, ಅತ್ತೆ," ಎಂದೆ. ಯಾರ ಹತ್ತಿರವೂ ಹೇಳಿರಲಿಲ್ಲ.

ಬನಶಂಕರಿ ದಾಟುವವರೆಗೂ ಅವರು ಕಿವಿ ತೆಗೆಯಲಿಲ್ಲ. ಆಮೇಲೆ ಅಂದರು: "ನಿಮ್ಮಪ್ಪನ ಹತ್ರ ನಾನ್ ಮಾತಾಡ್ತೀನಿ ಬಿಡು. ಅವನ ಮುಚ್ಚಳ ಎಲ್ಲಿದೆ ಅಂತ, ಅವನು ತೊಟ್ಟಿಲಲ್ಲಿದ್ದಾಗಿಂದ ನಂಗೊತ್ತು."